ಎಡಗೈಯ ಪೀಶಕತ್ತಿ

ಕಳೆದ ಧನುಮಾಸದಲ್ಲಿ ನಾನೊಂದು ಪೀಶಕತ್ತಿಯನ್ನು ಮಾಡಿಸಿದೆ. ಪೇಟೆಯ ಅಂಗಡಿಗಳಲ್ಲಿ ಬಣ್ಣಬಣ್ಣದ ಹಿಡಿಯ ಚೂರಿಗಳು ಸಾಲಾಗಿ ತೂಗುತ್ತಿರುವ ಈ ಕಾಲದಲ್ಲಿ, ಗೇಣುದ್ದದ ಒಂದು ಕತ್ತಿಗಾಗಿ ನಿವೃತ್ತ ಅಧ್ಯಾಪಕನೊಬ್ಬ ಐದು ಸಲ ಕುಲುಮೆಗೆ ಅಲೆದನೆಂದರೆ ನೆರೆಕರೆಯವರಿಗೆ ವಿನೋದವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಐದು ಭೇಟಿಗಳಲ್ಲಿ ನಾನು ಕಂಡದ್ದನ್ನೂ, ಅದಕ್ಕೆ ಮೊದಲು ಮನೆಯಲ್ಲಿಯೇ ಇದ್ದು ಕಾಣದೆ ಹೋದದ್ದನ್ನೂ ಈ ವಾರ ಓದುಗರ ಮುಂದಿಡಬೇಕೆನಿಸಿದೆ.

ಪೀಶಕತ್ತಿಯೆಂದರೆ ನಮ್ಮ ಸೀಮೆಯಲ್ಲಿ ಚಿಕ್ಕ ಕೈಗತ್ತಿ. ತುಳುವರ ಬಾಯಲ್ಲಿಯೂ ಮಲೆಯಾಳಿಗಳ ಬಾಯಲ್ಲಿಯೂ ಅದೇ ಹೆಸರು ತುಸು ತುಸು ರೂಪ ಬದಲಿಸಿಕೊಂಡು ಸಂಚರಿಸುತ್ತದೆ. ತೆಂಗಿನ ಮಡಲಿನ ಕಡ್ಡಿ ಹೆರೆದು ಹಿಡಿಸೂಡಿ ಕಟ್ಟುವುದರಿಂದ ತೊಡಗಿ ಬಾಳೆಲೆ ಕೊಯ್ಯುವ ತನಕ ಅದಕ್ಕೆ ದಿನವಿಡೀ ಕೆಲಸ. ನಮ್ಮ ಮನೆಯಲ್ಲಿದ್ದದ್ದು ತೀರ್ಥರೂಪರ ಕಾಲದ್ದು. ಅಲಗು ಸವೆದು ಸವೆದು ಬೆರಳಿನಷ್ಟು ಅಗಲ ಉಳಿದಿತ್ತು. ಆದರೂ ಹರಿತಕ್ಕೆ ಕೊರತೆಯಿರಲಿಲ್ಲ.

ನಮ್ಮ ಮನೆಯಾಕೆ ಮೊದಲೆಲ್ಲ ಮೆಟ್ಟುಕತ್ತಿಯ ಮುಂದೆ ಕುಳಿತು ತರಕಾರಿ ಕೊರೆಯುತ್ತಿದ್ದವಳು. ಸುಮಾರು 10 ವರ್ಷಗಳ ಹಿಂದೆ ಮೊಣಕಾಲು ನೋವು ಹಿಡಿದು ನೆಲದಲ್ಲಿ ಕೂರುವುದು ಅಸಾಧ್ಯವಾಯಿತು. ಅಂದಿನಿಂದ ಅಡುಗೆಕಟ್ಟೆಯ ಬಳಿ ನಿಂತು, ಗೋಡೆಯ ಮೊಳೆಗೆ ತೂಗುತ್ತಿದ್ದ ತಂದೆಯವರ ಪೀಶಕತ್ತಿಯನ್ನೇ ಬಳಸತೊಡಗಿದಳು. ಅಂದಿನಿಂದಲೇ ಬಾಳೆದಿಂಡಿನ ಬಿಲ್ಲೆಗಳು ಓರೆಯಾಗತೊಡಗಿದವು. ಮೇಲುಗಡೆ ದಪ್ಪ, ಕೆಳಗಡೆ ತೆಳು. ಪಲ್ಯದಲ್ಲಿ ಅರ್ಧ ಬೆಂದಿರುತ್ತಿತ್ತು, ಅರ್ಧ ಹಸಿ. ಊಟಕ್ಕೆ ಕುಳಿತಾಗ ನಾನು ಇದನ್ನು ಎತ್ತಿ ಹಾಸ್ಯ ಮಾಡುತ್ತಿದ್ದುದುಂಟು. ಗಣಿತ ಕಲಿಸಿದವನ ಮನೆಯಲ್ಲಿ ಸಮಾಂತರ ರೇಖೆಗಳಿಗೆ ಇಂತಹ ಗತಿ ಬರಬಾರದಿತ್ತು ಎಂದು ಬಂದ ನೆಂಟರ ಮುಂದೆಯೂ ಹೇಳಿದ್ದೇನೆ. ಆಕೆ ನಗುತ್ತಿದ್ದಳು. ಕತ್ತಿ ಸರಿಯಿಲ್ಲ ಎಂದು ಒಂದು ದಿನವೂ ಹೇಳಿದವಳಲ್ಲ. ತನ್ನ ಕೈಯೇ ಸರಿಯಿಲ್ಲವೆಂದು ನಂಬಿದ್ದಳೆಂದು ಈಗ ತೋರುತ್ತದೆ.

ಕತ್ತಿಯ ಹಿಡಿ ಸಡಿಲವಾದಾಗ ಅದನ್ನು ಆಚಾರಿಯಲ್ಲಿಗೆ ಒಯ್ದೆ. ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗುವ ದಾರಿಯಿಂದ ಒಳಕ್ಕೆ ತಿರುಗಿದರೆ ತಗಡಿನ ಮಾಡಿನ ಒಂದು ಕುಲುಮೆಯಿದೆ. ಆಚಾರಿಗೆ 70 ದಾಟಿದೆ. ಅವರು ಆ ಕತ್ತಿಯನ್ನು ಕೈಗೆತ್ತಿಕೊಂಡವರು ಅಲಗನ್ನು ನೋಡಲಿಲ್ಲ. ಹಿಡಿಯನ್ನು ಬೆಳಕಿಗೆ ಹಿಡಿದು ಎರಡೂ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಬಳಿಕ ಕೇಳಿದರು:

“ಮಾಷ್ಟ್ರೇ, ಇದನ್ನು ಈಗ ಹಿಡಿಯುವವರು ಎಡಗೈಯವರೋ?”

ನಾವಿಬ್ಬರೂ ಮಾತನಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಪ್ರಶ್ನೆಗೆ ಉತ್ತರಿಸಲು ನನಗೆ ಕ್ಷಣಕಾಲ ಬೇಕಾಯಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. 38 ವರ್ಷಗಳ ದಾಂಪತ್ಯ. ಆಕೆ ಬರೆಯುವುದು ಬಲಗೈಯಲ್ಲಿ, ಉಣ್ಣುವುದು ಬಲಗೈಯಲ್ಲಿ. ಮೊದಲನೆಯದನ್ನು ಶಾಲೆಯ ಬೆತ್ತ ಕಲಿಸಿತ್ತು, ಎರಡನೆಯದನ್ನು ಅಜ್ಜಿಯ ಗದರಿಕೆ. ಆದರೆ ನೀರು ಸೇದುವಾಗ, ಬಟ್ಟೆ ಹಿಂಡುವಾಗ, ಕತ್ತಿ ಹಿಡಿಯುವಾಗ ಮುಂದಾಗುವುದು ಎಡಗೈಯೇ. ನನಗದು ತಿಳಿದಿತ್ತು, ತಿಳಿದಿದ್ದರೂ ಗೊತ್ತಿರಲಿಲ್ಲ. ಅಧ್ಯಾಪಕ ವೃತ್ತಿಯ ಮೊದಲ ವರ್ಷಗಳಲ್ಲಿ ಒಂದಿಬ್ಬರು ಮಕ್ಕಳ ಎಡಗೈಯಿಂದ ಬಳಪ ತೆಗೆದು ಬಲಗೈಗೆ ಕೊಟ್ಟವನು ನಾನು. ಆ ಮಕ್ಕಳ ಮುಖ ಅಂದು ಕುಲುಮೆಯಲ್ಲಿ ನಿಂತಿದ್ದಾಗ ನೆನಪಿಗೆ ಬಂತು.

ಆಚಾರಿ ಹಿಡಿಯನ್ನು ತೋರಿಸಿದರು. ಎಡಮಗ್ಗುಲಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ಹಳೆಯ ಸವೆತ, ಅದು ತಂದೆಯವರದು. ಬಲಮಗ್ಗುಲಲ್ಲಿ ಇನ್ನೊಂದು, ಅಷ್ಟು ಆಳವಿಲ್ಲದ, ಹೊಸದಾದ ಸವೆತ. ಬಲಗೈಯವನ ಹೆಬ್ಬೆರಳು ಹಿಡಿಯ ಎಡಕ್ಕೆ ಕೂರುತ್ತದೆ, ಎಡಗೈಯವಳದು ಬಲಕ್ಕೆ. ಒಬ್ಬರನ್ನೊಬ್ಬರು ಎಂಟೇ ವರ್ಷ ಕಂಡಿದ್ದ ಮಾವ ಸೊಸೆಯರ ಹೆಬ್ಬೆರಳ ಗುರುತುಗಳು ಒಂದೇ ತುಂಡು ಮರದ ಎರಡು ಕಡೆಗಳಲ್ಲಿ ಹೀಗೆ ಉಳಿದಿದ್ದವು. ಪ್ರತಿದಿನ ಆ ಕತ್ತಿಯಲ್ಲಿ ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದ ನಾನು ಅದನ್ನು ಕಂಡಿರಲಿಲ್ಲ.

ಇಂತಹ ಕತ್ತಿಗಳಿಗೆ ಎರಡೂ ಮೋರೆಯಲ್ಲಿ ಓರೆ ಇರುವುದಿಲ್ಲ. ಒಂದು ಮೋರೆ ಚಪ್ಪಟೆ. ಇನ್ನೊಂದರಲ್ಲಿ ಮಾತ್ರ ಬಾಯಿಯ ಕಡೆಗೆ ಓರೆ ತೆಗೆದಿರುತ್ತಾರೆ. ಕಡ್ಡಿ ಹೆರೆಯುವುದಕ್ಕೂ ತೆಳುವಾಗಿ ಕೊಯ್ಯುವುದಕ್ಕೂ ಅದೇ ಲೇಸು. ಆದರೆ ಒಂದೇ ಓರೆಯ ಅಲಗಿಗೆ ಒಂದು ಸ್ವಭಾವವಿದೆ: ಅದು ನೇರವಾಗಿ ಇಳಿಯುವುದಿಲ್ಲ, ಚಪ್ಪಟೆ ಮೋರೆಯ ಕಡೆಗೆ ವಾಲುತ್ತ ಇಳಿಯುತ್ತದೆ. ಬಲಗೈಯವನಿಗೆಂದು ಮಾಡಿದ ಕತ್ತಿಯಲ್ಲಿ ಓರೆ ಬಲಕ್ಕಿರುತ್ತದೆ, ಚಪ್ಪಟೆ ಎಡಕ್ಕೆ, ಅಂದರೆ ಎಡಗೈ ಹಿಡಿದುಕೊಂಡ ಇಡಿಯ ದಿಂಡಿನ ಕಡೆಗೆ. ಹೀಗಾಗಿ ಅಲಗು ಆ ದಿಂಡಿಗೆ ಒತ್ತಿಕೊಂಡು ನಡೆಯುತ್ತದೆ. ಅದೇ ಕತ್ತಿಯನ್ನು ಎಡಗೈಯಲ್ಲಿ ಹಿಡಿದರೆ ದಿಂಡು ಬಲಕ್ಕಾಯಿತು. ಅಲಗು ಮಾತ್ರ ಎಡಕ್ಕೇ, ಅಂದರೆ ಹೊರಕ್ಕೇ ಜಾರುತ್ತದೆ. ಬಿಲ್ಲೆ ಮೇಲೆ ದಪ್ಪವಾಗಿ ಕೆಳಗೆ ತೆಳುವಾಗುವುದು ಇದರಿಂದ. ಸರಿಯಾಗಿ ಕೊಯ್ಯಬೇಕಾದರೆ ಪ್ರತಿಯೊಂದು ಬಿಲ್ಲೆಗೂ ಮಣಿಕಟ್ಟನ್ನು ಒಳಕ್ಕೆ ತಿರುಚಬೇಕು. ಸಂಜೆಯ ಹೊತ್ತು ಆಕೆ ಎಡ ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದುದಕ್ಕೆ ನಾನು ವಯಸ್ಸನ್ನು ಕಾರಣವಾಗಿಸಿದ್ದೆ.

“ಇದಕ್ಕೆ ಸಾಣೆ ಹಿಡಿದು ಪ್ರಯೋಜನವಿಲ್ಲ. ಅವರಿಗೆ ಬೇರೆಯೇ ಆಗಬೇಕು,” ಎಂದರು ಆಚಾರಿ.

ಬೇರೆ ಕತ್ತಿಯೆಂದಾಗ ಅಳತೆಯ ಮಾತು ಬಂತು. ಹೆಚ್ಚಾಗಿ ಏನನ್ನು ಕೊಯ್ಯುತ್ತಾರೆ? ಅಡುಗೆಕಟ್ಟೆ ಸೊಂಟಕ್ಕಿಂತ ಮೇಲೋ ಕೆಳಗೋ? ಕತ್ತಿಯ ತುದಿಯನ್ನು ಊರಿ ಕೊಯ್ಯುವ ಅಭ್ಯಾಸವೋ, ಎತ್ತಿ ಕೊಯ್ಯುವುದೋ? ಅರ್ಧಕ್ಕರ್ಧ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಹೋಗಿ ಎರಡು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಎಂದೂ ಇಲ್ಲದ ಗಂಡ ಹೀಗೆ ನಿಂತದ್ದನ್ನು ಕಂಡು ಆಕೆಗೆ ಅನುಮಾನ ಬಂದಿತೆಂಬುದು ಬೇರೆ ಮಾತು. ಕುಲುಮೆಗೆ ಬರಲು ಆಕೆ ಒಪ್ಪಲಿಲ್ಲ. ಕೊನೆಗೆ ಆಚಾರಿ ಹೇಳಿಕೊಟ್ಟಂತೆ ಹದವಾದ ಜೇಡಿಮಣ್ಣಿನ ಮುದ್ದೆಯೊಂದನ್ನು ಎಡಗೈಯಲ್ಲಿ ಕತ್ತಿಯ ಹಿಡಿಯಂತೆ ಹಿಡಿಸಿ, ಬೆರಳಚ್ಚು ಮೂಡಿದ ಆ ಮುದ್ದೆಯನ್ನು ಬಾಳೆಲೆಯಲ್ಲಿ ಸುತ್ತಿ ಒಯ್ದೆ. ದಾರಿಯಲ್ಲಿ ಸಿಕ್ಕಿದ ಪರಿಚಿತರೊಬ್ಬರು ಕಡುಬೋ ಎಂದು ಕೇಳಿದರು.

ಶಾಲೆಯಲ್ಲಿ ಕನ್ನಡ ಪಾಠವನ್ನೂ ಮಾಡಬೇಕಾಗಿ ಬಂದಾಗಲೆಲ್ಲ ‘ತಿದಿ’ ಎಂಬ ಪದಕ್ಕೆ ‘ಕಮ್ಮಾರನ ಗಾಳಿಚೀಲ’ ಎಂದು ಅರ್ಥ ಬರೆಸಿದವನು ನಾನು. ತಿದಿಯನ್ನು ನೋಡಬೇಕೆಂಬ ಆಸೆಯಿಂದ ಹೋದರೆ ಕುಲುಮೆಯ ಮೂಲೆಯಲ್ಲಿದ್ದದ್ದು ವಿದ್ಯುತ್ತಿನ ಸಣ್ಣ ಬ್ಲೋವರ್. ಅದು ಗಾಳಿ ಊದುತ್ತದೆ, ದಣಿಯುವುದಿಲ್ಲ. ಆಚಾರಿಗೆ ಅದರ ಬಗ್ಗೆ ದೂರಿಲ್ಲ. ವಿದ್ಯುತ್ತಿದ್ದರೂ ಒಳಗೆ ದೀಪ ಹಚ್ಚುವುದಿಲ್ಲ. ಇದು ಬಡತನವಲ್ಲ, ಅಗತ್ಯ. ಕಾದ ಉಕ್ಕಿನ ಶಾಖವನ್ನು ಅವರು ಅಳೆಯುವುದು ಬಣ್ಣದಿಂದ. ಹಗಲು ಬೆಳಕಿನಲ್ಲಿ ಮಂಕಾದ ಕೆಂಪು ಕಣ್ಣಿಗೆ ಕಾಣಿಸುವುದೇ ಇಲ್ಲ. ಕತ್ತಲೆಯಲ್ಲಿ ಕೆಂಪಿಗೂ ಕಿತ್ತಳೆಗೂ ನಡುವಿನ ಹತ್ತು ಬಣ್ಣಗಳು ಕಾಣಿಸುತ್ತವೆ.

ಉಕ್ಕು ಬರುವುದು ಗುಜರಿಯಿಂದ. ಹಳೆಯ ಲಾರಿಯ ಸ್ಪ್ರಿಂಗ್ ಪ್ಲೇಟು. ನೂರು ಪಾಲಿನಲ್ಲಿ ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲವಿರುವ ಈ ಉಕ್ಕು ಬಾಗಿದರೆ ಮತ್ತೆ ನೆಟ್ಟಗಾಗುವ ಗುಣದ್ದು. ಗಡಸಾಗಬಲ್ಲದು, ಗಡಸಾದರೂ ಗಾಜಿನಂತೆ ಒಡೆಯದು. ಆಚಾರಿ ರಾಶಿಯಿಂದ ಒಂದೊಂದೇ ಪ್ಲೇಟನ್ನು ಎತ್ತಿ, ತೂಗುಹಾಕಿದಂತೆ ಹಿಡಿದು, ಸುತ್ತಿಗೆಯಿಂದ ತಟ್ಟಿ ನಾದವನ್ನು ಆಲಿಸಿದರು. ಮೂರನ್ನು ಬದಿಗೆಸೆದರು. ನನ್ನ ಕಿವಿಗೆ ನಾಲ್ಕೂ ಒಂದೇ.

ಅಡಿಗಲ್ಲಿನ ಆಚೆ ಕಡೆ ಚಮ್ಮಟಿಗೆ ಹಿಡಿದು ನಿಂತವನು ಝಾರ್ಖಂಡದಿಂದ ಬಂದ ಯುವಕ. ಅಡಿಕೆ ತೋಟದಿಂದ ಹೋಟೆಲಿನ ತನಕ ನಮ್ಮ ಕೆಲಸಗಳನ್ನೆಲ್ಲ ಹೊರನಾಡಿನವರು ವಹಿಸಿಕೊಂಡಿರುವಾಗ ಕುಲುಮೆ ಮಾತ್ರ ಹೊರತಾದೀತೇ? ಇವರಿಗೆ ಹಿಂದಿ ಬಾರದು, ಅವನಿಗೆ ತುಳು ಬಾರದು. ಆದರೆ ಆಚಾರಿಯ ಕೈಯ ಸಣ್ಣ ಸುತ್ತಿಗೆ ಎಲ್ಲಿ ತಟ್ಟುತ್ತದೋ ಅಲ್ಲಿಯೇ ಮರುಕ್ಷಣ ಅವನ ಚಮ್ಮಟಿಗೆ ಬೀಳುತ್ತದೆ. ಸಣ್ಣ ಸುತ್ತಿಗೆಯ ಪೆಟ್ಟಿನಿಂದ ಉಕ್ಕು ಬದಲಾಗುವುದಿಲ್ಲ; ಅದು ಬರೀ ಮಾತು. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಓರೆಯಾಗಿ ತಟ್ಟಿದರೆ ಓರೆಯಾಗಿ; ಅಡಿಗಲ್ಲಿನ ಮೇಲೆಯೇ ಒಮ್ಮೆ ಬಡಿದರೆ ‘ನಿಲ್ಲಿಸು’ ಎಂದರ್ಥ. ಭಾಷೆಯ ಬಗ್ಗೆ ಇಷ್ಟೆಲ್ಲ ಸಭೆಗಳು ನಡೆಯುವ ನಮ್ಮ ಜಿಲ್ಲೆಯಲ್ಲಿ ಇಂತಹ ನಿರಾತಂಕ ಸಂಭಾಷಣೆಯನ್ನು ನಾನು ಬಹುಕಾಲದಿಂದ ಕೇಳಿರಲಿಲ್ಲ.

ಅಲಗು ರೂಪುಗೊಂಡದ್ದು ಒಂದು ಬೆಳಗ್ಗೆಯಲ್ಲಿ. ಕಾಯಿಸುವುದು, ಬಡಿಯುವುದು, ಮತ್ತೆ ಕಾಯಿಸುವುದು. ಬಣ್ಣ ಇಳಿದ ಮೇಲೆ ಒಂದು ಪೆಟ್ಟೂ ಹೆಚ್ಚು ಹಾಕುವುದಿಲ್ಲ. ತಣಿದ ಉಕ್ಕನ್ನು ಬಡಿದರೆ ಒಳಗೆ ಸೀಳುತ್ತದೆ. ಕಿಡಿ ಚಿಮ್ಮುವಷ್ಟು ಕಾದರೆ ಉಕ್ಕೇ ಸುಟ್ಟುಹೋಗುತ್ತದೆ. ಬೆನ್ನು ದಪ್ಪ, ಬಾಯಿಯ ಕಡೆಗೆ ತೆಳು, ಹಿಡಿಯೊಳಗೆ ಹೋಗುವ ಬಾಲ ಉದ್ದ. ಇದೆಲ್ಲವೂ ಕಣ್ಣಳತೆ.

ಮರುದಿನ ನೀರು ಕುಡಿಸುವ ಕೆಲಸ. ಕತ್ತಿಯ ಬಾಳ್ವೆ ನಿರ್ಧಾರವಾಗುವುದು ಇಲ್ಲಿ. ಅಲಗನ್ನು ಸಮನಾಗಿ ಕೆಂಪಾಗುವಂತೆ ಕಾಯಿಸಿ, ಕಲ್ಲಮರಿಗೆಯ ನೀರಿನಲ್ಲಿ ಬಾಯಿಯನ್ನಷ್ಟೇ ಅದ್ದಬೇಕು. ಬೆಳಗ್ಗಿನ ಚಳಿಗೆ ನೀರು ಕೊರೆಯುತ್ತಿತ್ತೆಂದು ಒಂದು ಕಾದ ಕಬ್ಬಿಣದ ತುಂಡನ್ನು ಮೊದಲು ಅದರಲ್ಲಿ ಮುಳುಗಿಸಿ ಬೆಚ್ಚಗೆ ಮಾಡಿದರು. ಅಲಗು ಅದ್ದಿದೊಡನೆ ಹಬೆಯೆದ್ದಿತು. ಆ ಸದ್ದಿನ ನಡುವೆ ‘ಟಿಣ್’ ಎಂಬ ಅತಿ ಸಣ್ಣ ಸದ್ದೊಂದು ಕೇಳಿಸಿತು. ಆಚಾರಿಯ ಮುಖ ಬದಲಾಯಿತು. ಅಲಗನ್ನು ಒರೆಸಿ ಬಾಗಿಲ ಬೆಳಕಿಗೆ ತಂದು ತೋರಿಸಿದರು. ಬಾಯಿಯಿಂದ ಮೇಲಕ್ಕೆ ಕೂದಲೆಳೆಯಂತಹ ಒಂದು ಗೆರೆ, ಅರ್ಧ ಅಂಗುಲವಿದ್ದೀತು.

“ಅಷ್ಟು ಸಣ್ಣ ಗೀರು, ಸಾಣೆಯಲ್ಲಿ ಹೋಗದೇ ಆಚಾರ್ರೇ?” ಎಂದೆ.

“ಗೀರಾದರೆ ಹೋಗುತ್ತದೆ ಮಾಷ್ಟ್ರೇ. ಇದು ಬಿರುಕು. ಎಷ್ಟು ಘಟ್ಟ ಹತ್ತಿದ ಲಾರಿಯೋ, ಪ್ಲೇಟಿಗೆ ಒಳಗೇ ಪೆಟ್ಟಾಗಿತ್ತು. ನನ್ನ ಕಿವಿ ಹಿಡಿಯಲಿಲ್ಲ.”

ಒಂದೂವರೆ ದಿನದ ಕೆಲಸ ಗುಜರಿಯ ರಾಶಿಗೆ ಬಿತ್ತು. ಬಿದ್ದ ಸದ್ದು ಅಡಗುವ ಮೊದಲೇ ಅವರು ಇನ್ನೊಂದು ಪ್ಲೇಟನ್ನು ತಟ್ಟಿ ನೋಡುತ್ತಿದ್ದರು. ನನಗೆ ಕೊಟ್ಟುಬಿಟ್ಟಿದ್ದರೆ ಆ ಬಿರುಕು ನನಗೆ ತಿಳಿಯುತ್ತಿರಲಿಲ್ಲ, ಮನೆಯಾಕೆಗೂ ತಿಳಿಯುತ್ತಿರಲಿಲ್ಲ. ಒಂದು ದಿನ ಹಲಸಿನಕಾಯಿಯ ನಡುವೆ ಅಲಗು ಮುರಿದಾಗ ತಿಳಿಯುತ್ತಿತ್ತು.

ಎರಡನೆಯದು ಸಿದ್ಧವಾಗುವವರೆಗೆ ನಾನು ಹೊರಗೆ ಕಲ್ಲಿನ ಮೇಲೆ ಕುಳಿತು ಉಕ್ಕು ಎಂಬ ಪದವನ್ನೇ ಮೆಲುಕು ಹಾಕುತ್ತಿದ್ದೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ ವಿಜ್ಞಾನಿ ಭಾರತದಿಂದ ಬಂದ ಒಂದು ಬಗೆಯ ಉಕ್ಕನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಲೇಖನವಿಟ್ಟ. ಅದರಲ್ಲಿ ಆ ಉಕ್ಕಿನ ಹೆಸರು ‘ವೂಟ್ಸ್’. ನಮ್ಮ ಕನ್ನಡದ ‘ಉಕ್ಕು’ ಬಾಯಿಂದ ಬಾಯಿಗೆ ಸಾಗಿ ಹಾಗಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಮೈಕೆಲ್ ಫ್ಯಾರಡೆಯಂಥವನೂ ಆ ಉಕ್ಕಿನ ಗುಟ್ಟನ್ನು ಹುಡುಕಿದವನೇ. ಮೈಸೂರು ಸೀಮೆಯಲ್ಲಿ ಮೂಸೆಗಳಲ್ಲಿ ಉಕ್ಕು ಕರಗಿಸುವುದನ್ನು 1800ರ ಸುಮಾರಿಗೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ವಿವರಿಸಿದ್ದಾನೆ. ತೆಲಂಗಾಣದ ಕೋನಸಮುದ್ರದ ಉಕ್ಕು ಪರ್ಷಿಯದ ತನಕ ಹೋಗುತ್ತಿತ್ತು. ನಾವು ಸಭೆಗಳಲ್ಲಿ ಇದನ್ನು ಹೇಳಿ ಹೆಮ್ಮೆಪಡುತ್ತೇವೆ. ಹೆಮ್ಮೆ ತಪ್ಪಲ್ಲ. ಆದರೆ ಅದೇ ಬಾಯಿಂದ ಕುಲುಮೆಗೆ ಹೋಗಿ 50 ರೂಪಾಯಿಗೆ ಚೌಕಾಸಿ ಮಾಡುವುದೂ ಉಂಟು. ಈ ಮಾತನ್ನು ಇತರರ ಮೇಲೆ ಹೊರಿಸಲಾರೆ. ಹಿಂದೊಮ್ಮೆ ಸೊಪ್ಪಿನ ಕತ್ತಿ ಮಾಡಿಸಿದಾಗ ನಾನೇ ಅಷ್ಟು ಕಡಿಮೆ ಮಾಡಿಸಿದವನು, ಮತ್ತು ಮನೆಗೆ ಬಂದು ಅದನ್ನು ಜಾಣತನವೆಂದು ಹೇಳಿಕೊಂಡವನು.

ಎರಡನೆಯ ಅಲಗು ನೀರಿನಲ್ಲಿ ಮೌನವಾಗಿ ಉಳಿಯಿತು. ಆಮೇಲೆ ನಡೆದದ್ದನ್ನು ನೋಡಲು ನನ್ನನ್ನು ಹತ್ತಿರಕ್ಕೆ ಕರೆದರು. ಬಾಯಿ ತಣಿದಿದೆ, ಬೆನ್ನಿನಲ್ಲಿ ಇನ್ನೂ ಬಿಸಿಯಿದೆ. ಮುರಿದ ಸಾಣೆಕಲ್ಲಿನ ತುಂಡಿನಿಂದ ಮೋರೆಯನ್ನು ಬೇಗನೆ ಉಜ್ಜಿ ಬೆಳ್ಳಗೆ ಮಾಡಿದರು. ಬೆನ್ನಿನ ಬಿಸಿ ಬಾಯಿಯ ಕಡೆಗೆ ಹರಿಯುತ್ತಿದ್ದಂತೆ ಆ ಬಿಳುಪಿನ ಮೇಲೆ ಬಣ್ಣಗಳು ಮೆರವಣಿಗೆ ಹೊರಟವು. ಮೊದಲು ಒಣಹುಲ್ಲಿನ ಬಣ್ಣ, ಅದರ ಹಿಂದೆ ಜೇನು, ಅದರ ಹಿಂದೆ ಕಂದು, ನೇರಳೆ, ಕೊನೆಗೆ ನೀಲಿ. ಉಕ್ಕಿನ ಮೇಲ್ಮೈಯಲ್ಲಿ ಹುಟ್ಟುವ ಆಕ್ಸೈಡಿನ ತೆಳುಪೊರೆ ದಪ್ಪವಾಗುತ್ತ ಹೋದಂತೆ ಕಾಣುವ ಬಣ್ಣಗಳಿವು. ಹುಲ್ಲಿನ ಬಣ್ಣವೆಂದರೆ ಸುಮಾರು 230 ಡಿಗ್ರಿ ಸೆಲ್ಸಿಯಸ್, ನೀಲಿಯೆಂದರೆ 300ರ ಆಸುಪಾಸು. ಬರೀ ನೀರು ಕುಡಿಸಿ ಬಿಟ್ಟ ಬಾಯಿ ಅತಿ ಗಡಸು, ಕಲ್ಲಿಗೆ ತಾಗಿದರೆ ಚಕ್ಕೆಯೇಳುತ್ತದೆ. ಈ ಮರುಬಿಸಿಯಿಂದ ಗಡಸುತನ ತುಸು ತಗ್ಗಿ ತಾಳಿಕೆ ಬರುತ್ತದೆ. ಮರ ಕಡಿಯುವ ಕತ್ತಿಗೆ ನೇರಳೆ ಬಾಯಿಗೆ ಮುಟ್ಟುವ ತನಕ ಬಿಡಬೇಕು. ತರಕಾರಿಯ ಕತ್ತಿಗೆ ಕಂದು ಮುಟ್ಟುವ ಮೊದಲೇ ನಿಲ್ಲಿಸಬೇಕು. ಜೇನಿನ ಬಣ್ಣ ಬಾಯಿಯ ಅಂಚಿಗೆ ತಲುಪಿದ ಕ್ಷಣ ಇಡೀ ಅಲಗು ಮರಿಗೆಯೊಳಗಿತ್ತು. ನಾನು ಕಣ್ಣು ಮಿಟುಕಿಸಿದ್ದರೆ ತಪ್ಪಿಹೋಗುತ್ತಿತ್ತು. ‘ಹದ’ ಎಂಬ ಪದವನ್ನು ಜೀವಮಾನವಿಡೀ ಬಳಸಿದವನಿಗೆ ಅದು ಕಣ್ಣಿಗೆ ಕಾಣುವ ವಸ್ತುವೆಂದು ತಿಳಿದದ್ದು ಅಂದು.

ಹಿಡಿಗೆ ಹಳೆಯ ಮನೆಯ ದಾರಂದದ ಬೀಟಿ ತುಂಡು. ಅದನ್ನು ಅರದಿಂದ ಉಜ್ಜುವಾಗ ಮಣ್ಣಿನ ಮುದ್ದೆ ಪಕ್ಕದಲ್ಲಿತ್ತು. ಒಣಗಿ ಬಿರಿದಿದ್ದರೂ ಬೆರಳುಗಳ ಹಳ್ಳ ಹಾಗೆಯೇ ಇತ್ತು. ಕಿರುಬೆರಳಿನ ಹಳ್ಳ ಆಳವಾಗಿದೆ, ಇವರು ಕಿರುಬೆರಳಿನಿಂದ ಬಿಗಿಹಿಡಿಯುವವರು ಎಂದು ಆಚಾರಿ ತಮ್ಮಷ್ಟಕ್ಕೆ ಹೇಳಿಕೊಂಡು ಹಿಡಿಯ ತುದಿಯನ್ನು ತುಸು ಕೊಕ್ಕೆಯಾಗಿ ಬಾಗಿಸಿದರು. ಬಾಲವನ್ನು ಕೆಂಪಗೆ ಕಾಯಿಸಿ ಮರದೊಳಗೆ ಇಳಿಸಿ, ಅರಗು ತುಂಬಿ, ಬಾಯಿಗೆ ಹಿತ್ತಾಳೆಯ ಬಳೆ ತೊಡಿಸಿದರು. ಕೊನೆಗೆ ಓರೆ: ಎಡಮೋರೆಯಲ್ಲಿ. ಅಷ್ಟು ವರ್ಷಗಳ ಕೈಯ ಅಭ್ಯಾಸಕ್ಕೆ ವಿರುದ್ಧವಾಗಿ ಅರ ಹಾಕುವಾಗ ಅವರು ಎರಡು ಸಲ ನಿಲ್ಲಿಸಿ ಕತ್ತಿಯನ್ನು ತಿರುಗಿಸಿ ನೋಡಿಕೊಂಡರು. ಎಡಗೈಯವರಿಗೆಂದು ಯಾರೂ ಕೇಳುವುದಿಲ್ಲ, ತನ್ನ ಲೆಕ್ಕದಲ್ಲಿ ಇದು ಮೂರನೆಯದೋ ನಾಲ್ಕನೆಯದೋ ಎಂದರು.

ಅಂಗಡಿಯ ಸ್ಟೀಲಿನ ಚೂರಿಯನ್ನು ಹಳಿಯಲು ಇದನ್ನೆಲ್ಲ ಬರೆಯುತ್ತಿಲ್ಲ. ನೂರಕ್ಕೆ ಹತ್ತೂವರೆ ಪಾಲಿಗಿಂತ ಹೆಚ್ಚು ಕ್ರೋಮಿಯಂ ಬೆರೆತ ಆ ಉಕ್ಕು ತುಕ್ಕು ಹಿಡಿಯದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ನಾಡಿನಲ್ಲಿ ಅದು ಸಣ್ಣ ಉಪಕಾರವಲ್ಲ. ಕುಲುಮೆಯ ಕತ್ತಿಗೆ ಆರೈಕೆ ಬೇಕು: ಹುಳಿ ಮುಟ್ಟಿದರೆ ಆಗಲೇ ತೊಳೆಯಬೇಕು, ಆಟಿಯ ಮಳೆಯಲ್ಲಿ ತೆಂಗಿನೆಣ್ಣೆ ಸವರಿಡಬೇಕು. ಬಾಳೆಯ ರಸ ತಾಗಿ ಅಲಗು ಕಪ್ಪಾದರೆ ಉಜ್ಜಿ ತೆಗೆಯಬಾರದು, ಅದು ತುಕ್ಕಲ್ಲ. ದಾರಿಬದಿಯ ಯಂತ್ರದ ಸಾಣೆಗೆ ಕೊಡಲೇಬಾರದು. ಕಿಡಿ ಹಾರಿಸುತ್ತ ಅರೆದರೆ ಬಾಯಿ ಕಾದು ಹದ ಕೆಡುತ್ತದೆ. ಇವೆಲ್ಲ ಆಚಾರಿಯ ಕಟ್ಟಪ್ಪಣೆಗಳು.

ಅವರ ಮಗ ಅಬುಧಾಬಿಯಲ್ಲಿ ಎ.ಸಿ. ಮೆಕ್ಯಾನಿಕ್. ಈ ವಿದ್ಯೆ ಮುಂದುವರಿಯಲಿಲ್ಲವಲ್ಲ ಎಂದು ನಾನು ಮರುಗಿದಾಗ ಅವರು ಅಷ್ಟೇನೂ ಸಹಾನುಭೂತಿ ತೋರಲಿಲ್ಲ. “ನಿಮ್ಮ ಮಗ ಮಾಷ್ಟ್ರಾದನೋ?” ಎಂದು ಕೇಳಿದರು. ಬೆಂಗಳೂರಿನ ಕಂಪ್ಯೂಟರ್ ಕಂಪೆನಿಯಲ್ಲಿರುವ ಮಗನ ತಂದೆಯಾದ ನಾನು ಮಾತು ಬದಲಿಸಿದೆ. ಅವರ ಚಿಂತೆ ಬೇರೆಯೇ ಇತ್ತು: ಗೆರಟೆಯ ಇದ್ದಲು ಸಿಗುವುದಿಲ್ಲ. ನೀರು ಶೋಧಿಸುವ ಸಕ್ರಿಯ ಇಂಗಾಲಕ್ಕೆ ಬೇಡಿಕೆ ಬಂದ ಮೇಲೆ ಗೆರಟೆಯನ್ನು ಮನೆಮನೆಯಿಂದ ಕಿಲೋ ಲೆಕ್ಕದಲ್ಲಿ ಕೊಂಡೊಯ್ಯುತ್ತಾರೆ. ನಮ್ಮ ಮನೆಯ ಕೊಟ್ಟಿಗೆಯಲ್ಲಿ ಎರಡು ಗೋಣಿ ಗೆರಟೆಯಿತ್ತು. ಮುಂದಿನ ಭೇಟಿಗೆ ಆಟೋದಲ್ಲಿ ಹಾಕಿಕೊಂಡು ಹೋದೆ.

ಕತ್ತಿಗೆ 800 ರೂಪಾಯಿ ಹೇಳಿದರು. ಬಿರುಕುಬಿಟ್ಟ ಮೊದಲ ಅಲಗಿನ ಲೆಕ್ಕ ಅದರಲ್ಲಿರಲಿಲ್ಲ. ಅದನ್ನೂ ಸೇರಿಸಿಕೊಳ್ಳಿ ಎಂದದ್ದಕ್ಕೆ, ತನ್ನ ಕಿವಿಯ ತಪ್ಪಿಗೆ ನೀವೇಕೆ ಹಣ ಕೊಡಬೇಕು ಎಂದು ಕೇಳಿದರು. ಗೆರಟೆಯ ಹಣವನ್ನು ಕಳೆದು 650 ತೆಗೆದುಕೊಂಡರು. ಎಷ್ಟು ಹೇಳಿದರೂ ಕೇಳಲಿಲ್ಲ. ತಂದೆಯವರ ಕತ್ತಿಯ ಹಿಡಿಯನ್ನು ಅರಗು ತುಂಬಿ ಬಿಗಿಗೊಳಿಸಿಕೊಟ್ಟಿದ್ದರು. ಹಿಡಿ ಬದಲಿಸಲೋ ಎಂದು ಮೊದಲೇ ಕೇಳಿದ್ದಾಗ ಬೇಡವೆಂದಿದ್ದೆ.

ಮನೆಯಾಕೆ ಹೊಸ ಕತ್ತಿಯನ್ನು ಕಾಗದದಿಂದ ಬಿಚ್ಚಿ, ಎಡಗೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು. ಎಷ್ಟು ಕೊಟ್ಟಿರಿ ಎಂದಷ್ಟೇ ಕೇಳಿದಳು. ಮರುದಿನ ಮಧ್ಯಾಹ್ನ ಬಾಳೆದಿಂಡಿನ ಪಲ್ಯವಿತ್ತು. ನಾನು ಒಂದು ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಲು ಹೊರಟವನು, ಆಕೆಯ ಮುಖ ಕಂಡು ಬಾಯಿಗೆ ಹಾಕಿಕೊಂಡೆ. ಕೈ ತೊಳೆಯಲು ಎದ್ದಾಗ ಅಡುಗೆಮನೆಯ ಬಾಗಿಲ ಬಳಿ ಕಣ್ಣು ಹೋಯಿತು. ಬಲಗಡೆಯ ಹಳೆಯ ಮೊಳೆಯಲ್ಲಿ ತಂದೆಯವರ ಕತ್ತಿ ಎಂದಿನಂತೆ ತೂಗುತ್ತಿತ್ತು. ಎಡಗಡೆ, ಆಕೆಯ ಭುಜದ ಎತ್ತರಕ್ಕೆ, ಹೊಸದೊಂದು ಮೊಳೆ ಹೊಡೆದಿತ್ತು. ಗೋಡೆಯ ಸುಣ್ಣ ಸುತ್ತಲೂ ಸ್ವಲ್ಪ ಉದುರಿತ್ತು.